ನಡುಗಡಲಲ್ಲಿ ಕೂಗಿದ ಹೆಸರು

ಸಿದ್ರಾಯ,

ಮದುವೆಯಾಗಿ ಅಂಡಮಾನಿಗೆ ಬಂದಿದ್ದೇವೆ. ಇವತ್ತು ಇವರು ನನ್ನನ್ನು ಮೀನು ಹಿಡಿಯಲು ನಡುಗಡಲಿಗೆ ಕರೆದೊಯ್ದರು. ಗಾಳದ ಕೋಲು ನನ್ನ ಕೈಗಿಟ್ಟು ತಾವು ದೋಣಿಯ ಆ ತುದಿಗೆ ಹೋದರು. ದೊಡ್ಡ ಮೀನೊಂದು ಸಿಕ್ಕಿ ನನ್ನನ್ನೇ ನೀರಿಗೆ ಎಳೆಯತೊಡಗಿತು.

"ರೀ, ಬರ್ರಿ ಇಲ್ಲೆ!" ಎಂದೆ. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. "ಹೆಸರು ಹಿಡಿದು ಕೂಗಿ" ಎಂದ ದೋಣಿಯವ. ಗಂಡನ ಹೆಸರು ಬಾಯಿಗೆ ಬರಬಾರದೆಂದು ಹುಕ್ಕೇರಿಯಿಂದ ಹೊರಡುವಾಗಲೂ ಅವ್ವ ಹೇಳಿ ಕಳಿಸಿದ್ದಳು. ನಿನ್ನ ಹೆಸರಿಗೆ ಅಂಥ ಕಟ್ಟುಪಾಡಿರಲಿಲ್ಲ.

"ಸಿದ್ರಾಯಾ!"

ಇವರು ತಿರುಗಿ ನೋಡಿದರು. ನನ್ನ ಕೈಯಿಂದ ಕೋಲು ಜಾರಿತು.

"ಮೀನ ಹೋತು ಬಿಡು. ಬಾ, ಬಾಜೂಕ ಕೂಡ್ರು" ಎಂದರು.

ಸುತ್ತಲೂ ನೀರು. ಎದ್ದು ಹೋಗಲು ಒಂದು ಕೋಣೆಯೂ ಇಲ್ಲ. ದಡ ಬರುವವರೆಗೂ ಪಕ್ಕದಲ್ಲೇ ಕೂತಿದ್ದೆ.

ಯಾರವನು ಎಂದು ಇವರು ಕೇಳಲಿಲ್ಲ. ಇನ್ನೂ ಕೇಳಿಲ್ಲ.