ಮೂರೇ ನೀರಿಗೆ ನಿಂತ ತೊಳೆತ

ಆಲಮಟ್ಟಿ ಹಿನ್ನೀರಿನ ದಂಡೆ
ಇಸವಿ ೨೩೪೧, ಹದಿಮೂರನೇ ತಿಂಗಳ ಇಪ್ಪತ್ತೊಂಬತ್ತನೇ ದಿನ, ವಾರವಿಲ್ಲ

ಜೆಸಿಂತಾ ಅವರೇ,

ತಾರೀಖು ನೋಡಿ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಾವು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡಿದ್ದೇವೆ. ಕೊನೆಗೆ ಒಂದು ದಿನ ಮಿಗುತ್ತದೆ, ಅದು ಯಾವ ವಾರಕ್ಕೂ ಸೇರಿದ್ದಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನೂರಾರು ವರ್ಷ ಹಿಂದೆ ನಿಮ್ಮ ಪ್ರಯೋಗಾಲಯದಲ್ಲಿ ನೀವು ಬರೆದಿಟ್ಟ ಟಿಪ್ಪಣಿಗಳ ಕೈಬರಹ ಓದುವಾಗ ನಾನೂ ಸಾಕಷ್ಟು ತಿಣುಕಿದ್ದೇನೆ, ಅಲ್ಲಿಗೆ ಸರಿಹೋಯಿತು.

ನನ್ನ ಹೆಸರು ಸಾವಂತ್ರೆವ್ವ ಕಮತಗಿ, ಇಲ್ಲಿನ ತೊಳೆಮನೆಯ ಹಿರಿಯಳು. ತೊಳೆಮನೆ ಎಂದರೆ ಬಟ್ಟೆ ಒಗೆಯುವ ಜಾಗವಲ್ಲ, ನಿಮ್ಮ ಪ್ರಯೋಗಾಲಯವೇ. ಇಲ್ಲಿ ನಾವು ವೈರಸ್ಸಿನ ಅಂಗಿ ಬಿಚ್ಚುತ್ತೇವೆ. ನಮ್ಮ ಜೀವಕೋಶದಿಂದಲೇ ಕದ್ದ ಕೊಬ್ಬಿನ ಪದರವನ್ನು ಹೊದ್ದು ಅದು ಮೆರೆಯುತ್ತದೆಯಲ್ಲ, ಅದನ್ನು ಕೊಬ್ಬಂಗಿ ಎನ್ನುತ್ತೇವೆ. ಆ ಅಂಗಿಯಲ್ಲಿ ನಾಟಿಕೊಂಡ ಪ್ರೋಟೀನು ಗುಂಡಿ. ನೀವು ಡಿಟರ್ಜೆಂಟ್ ಎನ್ನುತ್ತಿದ್ದುದು ನಮಗೆ ಬಿಡಿಸುನೀರು. ಕೊಬ್ಬನ್ನು ಕರಗಿಸಿ ಗುಂಡಿಯನ್ನು ಬಿಡಿಸಿ ಕೈಗೆ ಕೊಡುತ್ತದೆ. ನಮ್ಮ ಬಿಡಿಸುನೀರು ಅಂಟುವಾಳದ ಕಾಯಿಯದು. ದಂಡೆಯುದ್ದಕ್ಕೂ ಅದರದೇ ಮರಗಳಿವೆ, ಕಾಯಿ ಆರಿಸುವ ಹೆಂಗಸರ ಹರಟೆಗೆ ನೀರಿನ ಹಕ್ಕಿಗಳೂ ಬೆಚ್ಚುತ್ತವೆ.

ನಮ್ಮ ಜನಕ್ಕೆ ಶುಚಿ ಎಂದರೆ ಹುಚ್ಚು. ಮೂರು ದೊಡ್ಡ ಜ್ವರಗಳನ್ನು ದಾಟಿ ಬಂದವರು, ಏನು ಮಾಡುವುದು? ಬಾಗಿಲಿಗೆ ಬಂದ ನೆಂಟರ ಕಾಲಿಗೆ ಏಳು ಚೆಂಬು ನೀರು, ರೊಟ್ಟಿ ಬಡಿಯುವ ಕೈಗೆ ಏಳು ಸಲ, ಮಕ್ಕಳ ಆಟಿಕೆಗೂ ಏಳು. ದಾರಿಯಲ್ಲಿ ಸಿಕ್ಕವರನ್ನು ‘ಆರಾಮ?’ ಎಂದು ಕೇಳುವುದಿಲ್ಲ, ‘ಏಳು ನೀರಾತೇನು?’ ಎಂದು ಕೇಳುತ್ತೇವೆ. ತೊಳೆಮನೆಯಲ್ಲೂ ಅದೇ ಕಟ್ಟಳೆ. ಬಿಡಿಸಿದ ಗುಂಡಿಯನ್ನು ಏಳು ಸಲ ಬಿಡಿಸುನೀರಿನಲ್ಲಿ ತೊಳೆದು, ಕೊಬ್ಬಿನ ಹನಿಯೂ ಉಳಿಯದಂತೆ ಮಾಡುತ್ತಿದ್ದೆವು. ಆ ಕಟ್ಟಳೆ ಬರೆದವಳು ನಾನೇ.

ಹೋದ ವರ್ಷ ತೊದಲುಜ್ವರ ಬಂತು. ಜ್ವರ ಮೂರು ದಿನಕ್ಕೆ ಇಳಿಯುತ್ತದೆ, ಆದರೆ ವೈರಸ್ಸು ಗಂಟಲಲ್ಲೇ ಬಿಡಾರ ಹೂಡಿ ಮಕ್ಕಳ ಮಾತು ಕಟ್ಟಿಬಿಡುತ್ತದೆ. ನನ್ನ ಮೊಮ್ಮಗಳು ಚಂಪಿಗೆ ಐದು ವರ್ಷ. ಹಗಲೆಲ್ಲ ವಟಗುಟ್ಟುತ್ತಿದ್ದ ಕೂಸು ಸನ್ನೆ ಮಾಡಿ ನೀರು ಕೇಳತೊಡಗಿತು. ಗುಂಡಿಯ ನಿಜರೂಪ ತಿಳಿದರೆ ಅದನ್ನೇ ಹಿಡಿಯುವ ಮದ್ದು ಮಾಡಬಹುದಿತ್ತು. ಆದರೆ ತೊಳೆದ ಗುಂಡಿಗಳೆಲ್ಲ ಸೊರಗಿ, ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು. ಕೊಳೆ ಉಳಿದಿರಬೇಕೆಂದು ಇನ್ನೂ ತೊಳೆಸಿದೆ. ಏಳಿದ್ದದ್ದು ಒಂಬತ್ತಾಯಿತು. ಹನ್ನೊಂದು ತಿಂಗಳು ಹೀಗೇ ಹಾಳು ಮಾಡಿದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ವಾರವಿಲ್ಲದ ದಿನ ನಮ್ಮಲ್ಲಿ ತಪ್ಪೋದು. ಎಲ್ಲರೂ ಕೂತು ವರ್ಷದ ತಪ್ಪುಗಳನ್ನು ಗಟ್ಟಿಯಾಗಿ ಓದುತ್ತೇವೆ. ನಮ್ಮದು ಮುಗಿದ ಮೇಲೆ ಹಳಬರದನ್ನು. ಹೋದ ತಪ್ಪೋದಿನಲ್ಲಿ ನನ್ನ ಜೊತೆಗಾರ ಬಂದೇನವಾಜ ನಿಮ್ಮ ಟಿಪ್ಪಣಿ ಪುಸ್ತಕ ತೆರೆದ. ಅರವತ್ತೊಂದನೇ ಪುಟದ ಅಂಚಿನಲ್ಲಿ ನೀವು ಬರೆದಿದ್ದಿರಿ: ‘ಹೋದ ತಿಂಗಳು ಮಧ್ಯಾಹ್ನ ಕರೆಂಟ್ ಹೋಗಿತ್ತು. ಮೂರೇ ತೊಳೆತ. ಕೊಬ್ಬು ಉಳಿದಿದೆ, ಗಲೀಜು. ಒಂದು ತಿಂಗಳಾದರೂ ಗಂಟು ಕಟ್ಟಿಲ್ಲ, ಯಾಕೋ! ಲೆಕ್ಕಕ್ಕೆ ಬೇಡ.’

ಬಂದೇನವಾಜ ಪುಸ್ತಕ ಕೆಳಗಿಟ್ಟು ಹಣೆ ಬಡಿದುಕೊಂಡ. “ಅವ್ವಾರ, ನಾವು ಗುಂಡಿ ಜೋಡಿ ದಾರಾನೂ ತೊಳದ ಬಿಟ್ಟೀವಿ ನೋಡ್ರಿ!” ಎಂದ.

ಹೌದು, ಗುಂಡಿಯ ಸುತ್ತ ಅಂಟಿಕೊಂಡಿದ್ದ ಆ ಚೂರು ಕೊಬ್ಬೇ ಅದನ್ನು ನೆಟ್ಟಗೆ ನಿಲ್ಲಿಸಿತ್ತು. ನಿಮ್ಮ ವೈರಸ್ಸು ಬೇರೆ, ನಮ್ಮದು ಬೇರೆ. ಅಂಗಿ ತೊಡುವ ಚಾಳಿ ಒಂದೇ. ಮರುದಿನವೇ ಮೂರು ನೀರಿಗೆ ನಿಲ್ಲಿಸಿದೆವು. ನಾಲ್ಕನೆಯದಕ್ಕೆ ಕೈ ತಾನಾಗಿ ಚಾಚುತ್ತಿತ್ತು, ಬಂದೇನವಾಜ ನನ್ನ ಮಣಿಕಟ್ಟು ಹಿಡಿದು ಕೂರಿಸಿದ. ಗುಂಡಿ ಕೆಡಲಿಲ್ಲ. ರೂಪ ಸಿಕ್ಕಿತು, ಆರು ತಿಂಗಳಲ್ಲಿ ಮದ್ದೂ ಆಯಿತು.

ಮದ್ದು ಕೊಟ್ಟ ನಲವತ್ತನೇ ದಿನ ನಾನು ಚಂಪಿಯ ತಲೆ ಬಾಚುತ್ತಾ, ಎಂದಿನಂತೆ ಇಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ. ಅವಳು ತಿರುಗಿ ನೋಡಿ, “ಯಜ್ಜಿ, ನೀ ಭಾಳ ಮಾತಾಡ್ತಿ,” ಎಂದಳು. ಬಾಚಣಿಗೆ ಕೈಬಿಟ್ಟು ಅತ್ತುಬಿಟ್ಟೆ. ಈಗ ಊರಿನ ಮಕ್ಕಳೆಲ್ಲ ಮತ್ತೆ ಗದ್ದಲ ಮಾಡುತ್ತಿದ್ದಾರೆ. ಈ ಕಾಗದ ಬರೆಯಲು ಬಾಗಿಲು ಹಾಕಿಕೊಳ್ಳಬೇಕಾಯಿತು.

ಒಂದು ಬೇಡಿಕೆಯಿದೆ. ನಮ್ಮಲ್ಲಿರುವ ಆ ಅರವತ್ತೊಂದನೇ ಪುಟ ಹರಿದು, ಮುದುಡಿ, ಮತ್ತೆ ಅಂಟಿಸಿದ್ದು. ನೀವು ಅದನ್ನು ಕಿತ್ತು ಎಸೆದಿದ್ದಿರಿ. ಆಮೇಲೆ ಯಾಕೆ ಮನಸ್ಸು ಬದಲಾಯಿಸಿದಿರೋ ಎಲ್ಲೂ ಬರೆದಿಲ್ಲ. ಭವಿಷ್ಯದಿಂದ ಹಿಂದಕ್ಕೆ ಕಾಗದ ಹೋಗುವುದಿಲ್ಲವೆಂದು ಎಲ್ಲರೂ ನಗುತ್ತಾರೆ, ನಗಲಿ. ಒಂದು ವೇಳೆ ಇದು ತಲುಪಿದ್ದರೆ, ನೀವು ಆ ಪುಟ ಕಿತ್ತೆಸೆದ ದಿನ ಇವತ್ತೇ ಇರಬೇಕು. ಪುಟ ಇನ್ನೂ ಬುಟ್ಟಿಯಲ್ಲೇ ಇದೆ. ಏಳಿ ತಾಯಿ, ಎತ್ತಿಕೊಳ್ಳಿ.

ನಿಮ್ಮ
ಸಾವಂತ್ರೆವ್ವ