ಬಚ್ಚಲಿಗೆ ಸುರಿದ ನಿಂಬೆ ಉಪ್ಪು

ಗುಂಡಾ,

ಕೆಟಲಿನ ತಳಕ್ಕೆ ಕಟ್ಟಿದ ಬಿಳಿ ಪೊರೆ ಬಿಡಲೆಂದು ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್ ಪುಡಿ, ಹಾಕಿ ನೆನೆಸಿದ್ದೇನೆ. ಕುದಿಸಿ ಚೆಲ್ಲಿ ಎರಡು ಸಲ ತೊಳೆ. ಸೋಮಾರಿತನ ಇವತ್ತೊಂದು ದಿನ ಬೇಡ. ಉಳಿದ ನಿಂಬೆ ಉಪ್ಪನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕು.

ನಿನ್ನೆ ಅಪ್ಪ ಅದನ್ನು ಬಚ್ಚಲಿಗೆ ಸುರಿದು, ಮೇಲೆ ಹಾಕಲು ಬ್ಲೀಚ್ ಬಾಟಲಿ ಹಿಡಿದು ನಿಂತಿದ್ದರು. ಕಿತ್ತುಕೊಂಡೆ. "ಎರಡೂ ಸೇರಿದ್ರೆ ವಿಷದ ಗಾಳಿ ಏಳುತ್ತಪ್ಪಾ" ಅಂದೆ.

"ಹೌದಾ? ನಂಗ್ಯಾರೂ ಹೇಳೇ ಇಲ್ವಲ್ಲ" ಅಂದರು.

ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವರು. ಮರೆತಿದ್ದಾರೋ, ಬೇಕೆಂದೇ ಮಾಡಿದರೋ ಗೊತ್ತಾಗಲಿಲ್ಲ.

ಬೆಳಿಗ್ಗೆಯಿಂದ ಬ್ಲೀಚ್ ಬಾಟಲಿ ಕಾಣುತ್ತಿಲ್ಲ. ನನಗೆ ಕೆಲಸಕ್ಕೆ ಹೊತ್ತಾಯಿತು. ಅದು ಸಿಗುವವರೆಗೆ ಅವರ ಬೆನ್ನು ಬಿಡಬೇಡ. ಬಚ್ಚಲ ಬಾಗಿಲಿನ ಒಳಚಿಲಕ ಕಳಚಿ ತೆಗೆದಿದ್ದೇನೆ. ಕೇಳಿದರೆ ಕೆಟ್ಟಿದೆ ಅನ್ನು.

ಅಕ್ಕ