ಲಕ್ಕಿ ಸೊಪ್ಪಿನ ದಿಂಬು

ಬಿಳಿಚೋಡು, ೭-೨-೨೦೨೬, ಶನಿವಾರ

ತಮ್ಮ ಪರಶುರಾಮ ಬರುವುದಿಲ್ಲವಂತೆ. ಸಂಜೆ ಹೊನ್ನಾಳಿಯಿಂದ ಫೋನ್ ಮಾಡಿದ್ದ.

ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ಅವನಿಗೆ ಅಲ್ಲಿನ ಡಾಕ್ಟರೇ ಹೇಳಿದ್ದರು: ಗಿಡಮರಗಳು ಬಿಡುವ ಘಮದಲ್ಲಿ ಏನೋ ಸತ್ವವಿದೆ, ಕಾಡಿನ ಪಕ್ಕ ಒಂದು ತಿಂಗಳು ಇದ್ದು ಉಸಿರಾಡಿ ನೋಡಿ, ಮನಸ್ಸು ಹಗುರಾದೀತು ಎಂದು. ನಮ್ಮ ಹಿತ್ತಲು ದಾಟಿದರೆ ಕುರುಚಲು ಕಾಡೇ. ಬರುತ್ತೇನೆ ಅಕ್ಕಾ ಎಂದಿದ್ದ. ನಡುಮನೆ ಸಾರಿಸಿ ಮಂಚ ಹಾಕಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಬರುವವರೆಗೆ ಇರಲಿ ಎಂದು, ಅವ್ವ ತಲೆನೋವಿಗೆ ಮಾಡುತ್ತಿದ್ದ ಹಾಗೆ ಹಿತ್ತಲ ಲಕ್ಕಿ ಗಿಡದ ಘಾಟು ಸೊಪ್ಪು ನೆರಳಲ್ಲಿ ಒಣಗಿಸಿ, ದಿಂಬಿಗೆ ತುಂಬಿ ಬಸ್ಸಿನಲ್ಲಿ ಕಳಿಸಿಬಿಟ್ಟೆ.

"ಅಕ್ಕಾ, ತಲೆ ಇಟ್ಟಿದ್ದೇ ತಡ, ನಿದ್ದೆ! ಗೊರಕೆ ಜಾಸ್ತಿ ಆತು ಅಂತ ನಮ್ಮೋಳು ಬೈತಾಳೆ. ಇನ್ನ ಅಷ್ಟು ದೂರ ಬರಾಕೆ ಯಾಕೆ?"

"ಹಂಗಾದ್ರೆ ನನ್ನ ಹೆಸರಿಗೂ ಒಂದು ಡಾಕ್ಟ್ರು ಬೋರ್ಡು ಬರೆಸೋ," ಎಂದೆ. ನಕ್ಕ. ನಾನೂ ನಕ್ಕೆ.

ಆಮೇಲೆ ಆ ಮಂಚ ನೋಡಲಾರದೆ ಹಿತ್ತಲಿಗೆ ಹೋಗಿ ನಿಂತೆ. ಗಾಳಿಯಲ್ಲಿ ಲಕ್ಕಿಯ ಅದೇ ಘಮ. ದಿನವೂ ಉಸಿರಾಡುತ್ತೇನೆ, ನನಗೆಲ್ಲಿದೆ ನಿದ್ದೆ?

ಒಣಗಿದ ಸೊಪ್ಪಿನ ಘಮ ಕೆಲವು ವಾರಕ್ಕೇ ಹೋಗಿಬಿಡುತ್ತದೆ. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಹೊಸದು ಕಳಿಸು ಎನ್ನುತ್ತಾನೆ. ಹೇಳದಿದ್ದರೆ ಮತ್ತೆ ನಿದ್ದೆಗೆಟ್ಟು ಇಲ್ಲಿಗೆ ಬಂದಾನು. ಛೆ, ಒಡಹುಟ್ಟಿದವನ ಮೇಲೆ ಇದೆಂಥ ಆಸೆ. ಮಲಗಲಿ ಪಾಪ. ನಾಳೆ ಸೊಪ್ಪು ಕೊಯ್ದು, ಒಣಗಿಸಿ ಕಳಿಸಿದರಾಯಿತು.

ಮಂಚ ಮಾತ್ರ ಇನ್ನೂ ಎತ್ತಿಟ್ಟಿಲ್ಲ.